ತಿಂಗಳಿಗೆ ಎಷ್ಟು ಕಿಲೋಮೀಟರ್? ದಿನಬಳಕೆಗೆ ಸಣ್ಣ ಕಾರು ಆರಿಸುವವರಿಗೆ

ವ್ಯಾಗನ್‌ಆರ್ ತಗೊಳ್ಳಲಾ, ಸ್ವಿಫ್ಟ್ ತಗೊಳ್ಳಲಾ, ಟಿಯಾಗೊ ಸಿಎನ್‌ಜಿ ನೋಡಲಾ, ಇಲ್ಲಾ ಸಾಲ ಸ್ವಲ್ಪ ಜಾಸ್ತಿ ಆದರೂ ಇವಿಗೇ, ಅಂದರೆ ಕರೆಂಟಿನ ಕಾರಿಗೇ ಹೋಗಲಾ? ಮೊದಲ ಕಾರು ಕೊಳ್ಳುವವರು ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳುತ್ತಾರೆ. ಅದರ ಹಿಂದೆಯೇ ಬರುವುದು "ಮೈಲೇಜ್ ಯಾವುದು ಜಾಸ್ತಿ ಕೊಡುತ್ತೆ?" ಎಂಬ ಮಾತು.

ನಾನು ಮೊದಲು ಬೇರೆಯದೇ ಪ್ರಶ್ನೆ ಕೇಳುತ್ತೇನೆ. ನೀವು ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ? ಇದಕ್ಕೆ ಉತ್ತರ ಗೊತ್ತಿಲ್ಲದೆ ಯಾವ ಕಾರು, ಯಾವ ಇಂಧನ ಎಂದು ತೀರ್ಮಾನ ಮಾಡಲು ಆಗುವುದಿಲ್ಲ. ಈಗ ಓಡಿಸುತ್ತಿರುವ ಬೈಕಿನ ಮೀಟರ್ ನೋಡಿ, ಅಥವಾ ಮನೆಯಿಂದ ಆಫೀಸಿಗೆ, ಮಕ್ಕಳ ಶಾಲೆಗೆ, ವಾರದ ಸಂತೆಗೆ, ಊರಿಗೆ ಎಂದು ಒಂದು ಹಾಳೆಯ ಮೇಲೆ ಬರೆದು ಕೂಡಿಸಿ. ಬಹಳ ಜನಕ್ಕೆ ಬರುವ ಉತ್ತರ ಅವರು ಅಂದುಕೊಂಡಿದ್ದಕ್ಕಿಂತ ಕಡಿಮೆ ಇರುತ್ತದೆ.

ಶೋರೂಂಗೆ ಹೋಗುವ ಮೊದಲು ನೋಡಬೇಕಾದ್ದು

ತಿಂಗಳ ಓಡಾಟ ಮೊದಲನೆಯದು. ಎರಡನೆಯದು ರಸ್ತೆ. ಬೆಂಗಳೂರಿನ ಔಟರ್ ರಿಂಗ್ ರೋಡ್‌ನಲ್ಲಿ ತೆವಳುವ ಕಾರಿಗೂ, ವಾರಕ್ಕೊಮ್ಮೆ ಚಾರ್ಮಾಡಿ ಹತ್ತುವ ಕಾರಿಗೂ, ಹುಬ್ಬಳ್ಳಿ ಕಡೆ ಹೆದ್ದಾರಿಯಲ್ಲೇ ಓಡುವ ಕಾರಿಗೂ ಬೇಕಾದ ಗುಣ ಒಂದೇ ಅಲ್ಲ. ಮೂರನೆಯದು ಕಾರಿನಲ್ಲಿ ಯಾರು ಕೂರುತ್ತಾರೆ ಎಂಬುದು. ಮಂಡಿ ನೋವಿರುವ ಅಮ್ಮ ಹತ್ತಿ ಇಳಿಯಬೇಕು ಎಂದರೆ ಸೀಟಿನ ಎತ್ತರ ಮೈಲೇಜ್‌ಗಿಂತ ಮುಖ್ಯ. ನಾಲ್ಕನೆಯದು ಸುರಕ್ಷತೆ. ಐದನೆಯದು ಆನ್‌ರೋಡ್ ಬೆಲೆ, ಅಂದರೆ ರಸ್ತೆ ತೆರಿಗೆ, ವಿಮೆ ಎಲ್ಲ ಸೇರಿದ ಬೆಲೆ. ಅವು ಸೇರದ ಎಕ್ಸ್‌ಶೋರೂಂ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ.

ಈ ಕೊನೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಉದ್ದ ನಾಲ್ಕು ಮೀಟರ್ ಮೀರದ, ಎಂಜಿನ್ 1200 ಸಿಸಿ ಮೀರದ ಪೆಟ್ರೋಲ್ ಮತ್ತು ಸಿಎನ್‌ಜಿ ಕಾರುಗಳಿಗೆ ಈ ಲಾಭ ಸಿಕ್ಕಿದೆ. ಆದರೆ ನಮ್ಮ ರಾಜ್ಯದ ರಸ್ತೆ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಒಂದು. 5ರಿಂದ 10 ಲಕ್ಷದ ಕಾರಿಗೆ ಶೇ 14, ಅದರ ಮೇಲೆ ಸೆಸ್. 6 ಲಕ್ಷದ ಕಾರು ತಗೊಂಡರೆ ತೆರಿಗೆ ಮತ್ತು ಸೆಸ್ ಸೇರಿ 90 ಸಾವಿರ ದಾಟುತ್ತದೆ. ವಿಮೆ ಬೇರೆ. ಹಾಗಾಗಿ ಎರಡು ಕಾರು ಹೋಲಿಸುವಾಗ ಎರಡರದ್ದೂ ಆನ್‌ರೋಡ್ ಕೊಟೇಶನ್ ಬರೆಸಿಕೊಂಡು ಪಕ್ಕಪಕ್ಕ ಇಡಿ.

ಮೈಲೇಜ್ ಅಂಕಿಯ ನಿಜವಾದ ಬೆಲೆ

ಕಂಪನಿಗಳು ಹೇಳುವ ಎಆರ್‌ಎಐ (ವಾಹನ ಪರೀಕ್ಷಿಸುವ ಸಂಸ್ಥೆ) ಮೈಲೇಜ್ ಪ್ರಯೋಗಾಲಯದಲ್ಲಿ, ರೋಲರ್ ಮೇಲೆ, ಗೊತ್ತುಪಡಿಸಿದ ವೇಗದಲ್ಲಿ ಕಾರು ಓಡಿಸಿ ಅಳೆದದ್ದು. ಅಲ್ಲಿ ಎಸಿ ಇಲ್ಲ, ಸಿಲ್ಕ್ ಬೋರ್ಡ್ ಸಿಗ್ನಲ್ ಇಲ್ಲ, ಹಿಂದೆ ಮೂರು ಜನ ಕೂತಿಲ್ಲ. 24 ಎಂದು ಹೇಳುವ ಕಾರು ಬೆಂಗಳೂರಿನ ಟ್ರಾಫಿಕ್‌ನಲ್ಲಿ 14ರಿಂದ 16 ಕೊಡುವುದು ಮಾಮೂಲು. ಅದೇ ಕಾರು ಹೆದ್ದಾರಿಯಲ್ಲಿ 80ರ ವೇಗದಲ್ಲಿ ಸಮಾಧಾನವಾಗಿ ಓಡಿದರೆ 20 ದಾಟುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅದರಿಂದಲೂ ಮೈಲೇಜ್ ಸ್ವಲ್ಪ ಇಳಿಯುತ್ತದೆ.

ಈಗ ದುಡ್ಡಿನ ಲೆಕ್ಕ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ಊರಿನ ಇವತ್ತಿನ ದರ ಹಾಕಿಕೊಂಡರೆ ಇನ್ನೂ ಒಳ್ಳೆಯದು. ತಿಂಗಳಿಗೆ 600 ಕಿಲೋಮೀಟರ್ ಓಡಿಸುವವರಿಗೆ 18 ಕೊಡುವ ಕಾರಿಗೂ 20 ಕೊಡುವ ಕಾರಿಗೂ ಇರುವ ವ್ಯತ್ಯಾಸ ಮೂರು ಲೀಟರ್ ಚಿಲ್ಲರೆ. ಅಂದರೆ ತಿಂಗಳಿಗೆ ಸುಮಾರು 340 ರೂಪಾಯಿ. ಈ ಎರಡು ಕಿಲೋಮೀಟರ್ ಮೈಲೇಜ್‌ಗಾಗಿ 50 ಸಾವಿರ ಜಾಸ್ತಿ ಕೊಟ್ಟರೆ ಅದು ವಾಪಸ್ ಬರಲು 12 ವರ್ಷ ಬೇಕು. ಅಷ್ಟು ಹೊತ್ತಿಗೆ ಕಾರನ್ನೇ ಮಾರಿರುತ್ತೀರಿ.

ಆದ್ದರಿಂದ ಪೆಟ್ರೋಲ್ ಕಾರು ಕಾರುಗಳ ನಡುವೆ ಒಂದೆರಡು ಅಂಕಿ ಹೆಚ್ಚುಕಡಿಮೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಖರ್ಚು ನಿಜವಾಗಿ ಬದಲಾಗುವುದು ಇಂಧನವೇ ಬದಲಾದಾಗ.

ಪೆಟ್ರೋಲ್, ಸಿಎನ್‌ಜಿ, ಕರೆಂಟು

ಸಿಎನ್‌ಜಿ ಕೆಜಿಗೆ 90 ರೂಪಾಯಿ, ನಿಜವಾದ ಓಟದಲ್ಲಿ ಕೆಜಿಗೆ 26 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಪೆಟ್ರೋಲ್‌ಗೆ 18. ತಿಂಗಳಿಗೆ 1500 ಕಿಲೋಮೀಟರ್ ಓಡಿಸಿದರೆ ಪೆಟ್ರೋಲ್ ಖರ್ಚು ಸುಮಾರು 8,600, ಸಿಎನ್‌ಜಿ ಖರ್ಚು 5,200. ಉಳಿತಾಯ 3,400. ಅದೇ 600 ಕಿಲೋಮೀಟರ್ ಆದರೆ ಉಳಿಯುವುದು 1,350 ಮಾತ್ರ.

ಒಂದೇ ಕಾರಿನ ಸಿಎನ್‌ಜಿ ಮಾದರಿಗೆ ಸಾಮಾನ್ಯವಾಗಿ ಲಕ್ಷದ ಆಸುಪಾಸು ಜಾಸ್ತಿ ಕೊಡಬೇಕು. ತೆರಿಗೆ ಸೇರಿ 1.1 ಲಕ್ಷ ಎಂದರೆ, 1500 ಓಡಿಸುವವರಿಗೆ ಮೂರು ವರ್ಷದೊಳಗೆ ಆ ದುಡ್ಡು ಬಂದುಬಿಡುತ್ತದೆ. 600 ಓಡಿಸುವವರಿಗೆ ಏಳು ವರ್ಷದ ಹತ್ತಿರ. ನನ್ನ ಪ್ರಕಾರ ತಿಂಗಳಿಗೆ ಸಾವಿರ ಕಿಲೋಮೀಟರ್ ದಾಟದವರು ಸಿಎನ್‌ಜಿ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ.

ದಾಟುವವರೂ ಇನ್ನೊಂದಷ್ಟು ವಿಷಯ ನೋಡಬೇಕು. ನಿಮ್ಮ ದಾರಿಯಲ್ಲಿ ಸಿಎನ್‌ಜಿ ಬಂಕ್ ಎಲ್ಲಿದೆ, ಬೆಳಿಗ್ಗೆ ಅಲ್ಲಿ ಆಟೊಗಳ ಸಾಲು ಎಷ್ಟುದ್ದ ಇರುತ್ತದೆ ಎಂದು ಹೋಗಿ ಕಣ್ಣಾರೆ ನೋಡಿ. ಸಿಲಿಂಡರ್‌ನಲ್ಲಿ ಹಿಡಿಯುವುದು ಎಂಟು ಕೆಜಿ ಚಿಲ್ಲರೆ. ಇನ್ನೂರು ಕಿಲೋಮೀಟರ್‌ಗೊಮ್ಮೆ ಬಂಕ್‌ಗೆ ಹೋಗಲೇಬೇಕು. ಬೆಂಗಳೂರಿನಲ್ಲಿ ಪರವಾಗಿಲ್ಲ. ಮಲೆನಾಡಿನ ಒಳಗಿನ ತಾಲ್ಲೂಕುಗಳಲ್ಲಿ ಬಂಕ್ ಸಿಗುವುದೇ ಅಪರೂಪ, ಅಲ್ಲಿ ಪೆಟ್ರೋಲ್ ಮೇಲೇ ಓಡಿಸಬೇಕಾಗುತ್ತದೆ. ಗ್ಯಾಸ್ ಮೇಲೆ ಎಂಜಿನ್ ಶಕ್ತಿಯೂ ಇಳಿಯುತ್ತದೆ. ಟಿಯಾಗೊ ಪೆಟ್ರೋಲ್‌ನಲ್ಲಿ 86 ಪಿಎಸ್ (ಎಂಜಿನ್ ಶಕ್ತಿಯ ಅಳತೆ) ಕೊಟ್ಟರೆ ಸಿಎನ್‌ಜಿಯಲ್ಲಿ 73 ಚಿಲ್ಲರೆ. ಊರೊಳಗೆ ಇದು ಗೊತ್ತಾಗುವುದಿಲ್ಲ, ಐದು ಜನ ಕೂತು ಆಗುಂಬೆ ಹತ್ತುವಾಗ ಗೊತ್ತಾಗುತ್ತದೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್‌ನ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಹಾಕಿ ಮಾಡುವ ಪರೀಕ್ಷೆ) ಮಾಡಿಸುವುದು ಕಡ್ಡಾಯ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಡಿಕ್ಕಿಯ ವಿಷಯದಲ್ಲಿ ಕಂಪನಿಗಳ ನಡುವೆ ದೊಡ್ಡ ವ್ಯತ್ಯಾಸವಿದೆ. ವ್ಯಾಗನ್‌ಆರ್, ಸೆಲೆರಿಯೊ, ಸ್ವಿಫ್ಟ್ ಸಿಎನ್‌ಜಿಗಳಲ್ಲಿ ಒಂದೇ ದೊಡ್ಡ ಸಿಲಿಂಡರ್ ಡಿಕ್ಕಿಯನ್ನು ಹೆಚ್ಚುಕಡಿಮೆ ಪೂರ್ತಿ ತಿಂದುಬಿಡುತ್ತದೆ. ಟಾಟಾದ ಟಿಯಾಗೊ, ಪಂಚ್ ಮತ್ತು ಹ್ಯುಂಡೈ ಎಕ್ಸ್‌ಟರ್‌ನಲ್ಲಿ ಎರಡು ಚಿಕ್ಕ ಸಿಲಿಂಡರ್‌ಗಳನ್ನು ನೆಲದ ಕೆಳಗೆ ಮಲಗಿಸಿರುತ್ತಾರೆ. ಎರಡು ಬ್ಯಾಗ್, ಒಂದು ತರಕಾರಿ ಚೀಲಕ್ಕೆ ಜಾಗ ಉಳಿಯುತ್ತದೆ. ಊರಿಂದ ಅಕ್ಕಿ, ತೆಂಗಿನಕಾಯಿ ತರುವ ಮನೆಯವರಿಗೆ ಇದು ಸಣ್ಣ ವಿಷಯ ಅಲ್ಲ. ಗೇರ್ ಹಾಕುವ ರಗಳೆ ಬೇಡ ಎನ್ನುವವರಿಗೆ ಟಿಯಾಗೊದಲ್ಲಿ ಸಿಎನ್‌ಜಿ ಜೊತೆ ಎಎಂಟಿ (ತಾನೇ ಗೇರ್ ಬದಲಿಸುವ ವ್ಯವಸ್ಥೆ) ಕೂಡ ಸಿಗುತ್ತದೆ. 2024ರಲ್ಲಿ ದೇಶದಲ್ಲಿ ಮೊದಲು ಈ ಜೋಡಿಯನ್ನು ತಂದದ್ದೂ ಟಾಟಾನೇ.

ಇನ್ನು ಇವಿ. ಸಣ್ಣ ಇವಿ ಒಂದು ಯೂನಿಟ್ ಕರೆಂಟಿಗೆ ಏಳೆಂಟು ಕಿಲೋಮೀಟರ್ ಓಡುತ್ತದೆ. ಮನೆಯಲ್ಲೇ ಚಾರ್ಜ್ ಮಾಡಿದರೆ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿಯೋಣ. 1500 ಕಿಲೋಮೀಟರ್‌ಗೆ 1,400 ರೂಪಾಯಿ! ಪೆಟ್ರೋಲ್‌ಗೆ ಹೋಲಿಸಿದರೆ ತಿಂಗಳಿಗೆ 7,000 ಉಳಿತಾಯ. ಆನ್‌ರೋಡ್ ಬೆಲೆಯಲ್ಲಿ ಎರಡು ಲಕ್ಷ ವ್ಯತ್ಯಾಸ ಇದ್ದರೂ ಎರಡೂವರೆ ವರ್ಷದೊಳಗೆ ಸರಿಹೋಗುತ್ತದೆ. ತಿಂಗಳಿಗೆ 600 ಓಡಿಸುವವರಿಗೆ ಆರು ವರ್ಷ ಬೇಕು.

ಟಿಯಾಗೊ ಇವಿಯ ದೊಡ್ಡ ಬ್ಯಾಟರಿ 24 ಕಿಲೋವ್ಯಾಟ್ ಅವರ್. ಕಂಪನಿ ಏನೇ ಹೇಳಲಿ, ಮೇಲಿನ ಲೆಕ್ಕದಲ್ಲಿ ಅದು 180 ಕಿಲೋಮೀಟರ್ ಆಸುಪಾಸು. ಹೆದ್ದಾರಿ ವೇಗದಲ್ಲಿ ಇನ್ನೂ ಕಡಿಮೆ. ಬೆಂಗಳೂರಿಂದ ಮೈಸೂರಿಗೆ ಹೋಗಬಹುದು, ಅಲ್ಲಿ ಚಾರ್ಜ್ ಮಾಡದೆ ವಾಪಸ್ ಬರಲು ಆಗುವುದಿಲ್ಲ. ಎಂಜಿ ಕಾಮೆಟ್‌ನ ಬ್ಯಾಟರಿ ಇನ್ನೂ ಚಿಕ್ಕದು, 17.3 ಕಿಲೋವ್ಯಾಟ್ ಅವರ್. ನಾಲ್ಕೇ ಸೀಟು, ಡಿಕ್ಕಿ ಇಲ್ಲ ಎನ್ನಬಹುದು. ಆದರೆ ಗಲ್ಲಿಯಲ್ಲಿ ತಿರುಗಿಸಲು, ಇದ್ದಷ್ಟು ಜಾಗದಲ್ಲಿ ನಿಲ್ಲಿಸಲು ಅಷ್ಟು ಸುಲಭವಾದ ಕಾರು ಇನ್ನೊಂದಿಲ್ಲ. ಮನೆಯಲ್ಲಿ ಈಗಾಗಲೇ ಒಂದು ಕಾರಿದ್ದು, ಎರಡನೆಯದು ಬರೀ ಊರೊಳಗಿನ ಓಡಾಟಕ್ಕೆ ಎಂದರೆ ಇಂಥ ಇವಿಯಷ್ಟು ಲಾಭದ್ದು ಬೇರೆ ಕಾಣುವುದಿಲ್ಲ.

ಗೃಹಜ್ಯೋತಿ ಇರುವ ಮನೆಯವರು ಒಂದು ಲೆಕ್ಕ ಮರೆಯಬಾರದು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 600 ಕಿಲೋಮೀಟರ್ ಓಡಿಸಲು 80 ಯೂನಿಟ್ ಬೇಕು. ಈಗ 130 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ಮನೆಗೆ ಇವಿ ಬಂದರೆ ಬಳಕೆ 210 ಆಗುತ್ತದೆ, ಇದ್ದ ಉಚಿತವೂ ಹೋಗುತ್ತದೆ. ಅಂಥವರು ಕಾರಿಗೆ ಪ್ರತ್ಯೇಕ ಮೀಟರ್ ಹಾಕಿಸುವ ಬಗ್ಗೆ ಎಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಬಾಡಿಗೆ ಮನೆಯಲ್ಲಿದ್ದು, ಸ್ವಂತ ಪಾರ್ಕಿಂಗ್ ಮತ್ತು ಚಾರ್ಜಿಂಗ್ ಪಾಯಿಂಟ್ ಇಲ್ಲದವರಿಗೆ ಇವಿ ಬೇಡ ಎಂದೇ ಹೇಳುತ್ತೇನೆ. ಸಾರ್ವಜನಿಕ ಚಾರ್ಜರ್‌ಗಳಲ್ಲಿ ಯೂನಿಟ್ ದರ ಮನೆಯದ್ದಕ್ಕಿಂತ ಬಹಳ ಜಾಸ್ತಿ. ಕಾಯುವ ಸಮಯ ಬೇರೆ.

ಸುರಕ್ಷತೆಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ?

ಬಹಳ ಜನ ಕೊನೆಯಲ್ಲಿ ನೋಡುವ ಈ ವಿಷಯ ನನ್ನ ಪಟ್ಟಿಯಲ್ಲಿ ಮೇಲಿದೆ. ಕಂಪನಿ ಲೆಕ್ಕದಲ್ಲಿ ವ್ಯಾಗನ್‌ಆರ್ 24 ಕೊಡುತ್ತದೆ, ಟಿಯಾಗೊ ಪೆಟ್ರೋಲ್ ಸುಮಾರು 20. ಟಿಯಾಗೊ ಭಾರವಾದ ಕಾರು. ಊರೊಳಗೆ ಒಂದು 17, ಇನ್ನೊಂದು ಹದಿನಾಲ್ಕೂವರೆ ಕೊಡುತ್ತದೆ ಎಂದುಕೊಳ್ಳಿ. ತಿಂಗಳಿಗೆ 600 ಕಿಲೋಮೀಟರ್‌ಗೆ ವ್ಯತ್ಯಾಸ ಸುಮಾರು 630 ರೂಪಾಯಿ.

ಈಗ ಇನ್ನೊಂದು ಕಡೆ ನೋಡಿ. ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಟಿಯಾಗೊಗೆ 2020ರಲ್ಲಿ ದೊಡ್ಡವರ ಸುರಕ್ಷತೆಗೆ ಐದರಲ್ಲಿ ನಾಲ್ಕು ಸ್ಟಾರ್ ಸಿಕ್ಕಿತು. ವ್ಯಾಗನ್‌ಆರ್‌ಗೆ 2023ರಲ್ಲಿ ಒಂದು, ಆಲ್ಟೊ ಕೆ10ಗೆ ಎರಡು. ನಡುವೆ 2022ರಲ್ಲಿ ಪರೀಕ್ಷೆಯ ನಿಯಮ ಬಿಗಿಯಾಯಿತು. ಹಾಗಾಗಿ 2020ರ ಸ್ಟಾರ್‌ಗಳನ್ನೂ 2023ರ ಸ್ಟಾರ್‌ಗಳನ್ನೂ ನೇರವಾಗಿ ತೂಗುವಂತಿಲ್ಲ. ಆ ಪರೀಕ್ಷೆಯ ನಂತರ, 2025ರಲ್ಲಿ, ವ್ಯಾಗನ್‌ಆರ್, ಆಲ್ಟೊ, ಸೆಲೆರಿಯೊ ಮೂರಕ್ಕೂ ಎಲ್ಲ ಮಾದರಿಗಳಲ್ಲೂ ಆರು ಏರ್‌ಬ್ಯಾಗ್ ಬಂದಿವೆ. ಅದು ಒಳ್ಳೆಯ ಸುದ್ದಿಯೇ. ಆದರೂ ಏರ್‌ಬ್ಯಾಗ್ ಎಣಿಕೆ ಬೇರೆ, ಡಿಕ್ಕಿಯಾದಾಗ ಬಾಡಿ ತಡೆದುಕೊಳ್ಳುವುದು ಬೇರೆ. ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವವರು ಆರು ನೂರು ಚಿಲ್ಲರೆ ರೂಪಾಯಿಗೆ ಯೋಚಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಮೈಲೇಜ್ ಮತ್ತು ಸುರಕ್ಷತೆ ಎರಡೂ ಬೇಕು, ಬಜೆಟ್ ಸ್ವಲ್ಪ ಹಿಗ್ಗುತ್ತದೆ ಎನ್ನುವವರಿಗೆ ಡಿಸೈರ್ ಇದೆ. 2024ರ ನವೆಂಬರ್‌ನಲ್ಲಿ ಬಂದ ಹೊಸ ಡಿಸೈರ್‌ಗೆ ಗ್ಲೋಬಲ್ ಎನ್‌ಕ್ಯಾಪ್‌ನ ಹೊಸ ನಿಯಮದಲ್ಲೇ ದೊಡ್ಡವರ ಸುರಕ್ಷತೆಗೆ ಐದು ಸ್ಟಾರ್ ಸಿಕ್ಕಿದೆ. ಕಂಪನಿ ಹೇಳುವ ಮೈಲೇಜ್ 25ರ ಹತ್ತಿರ. 382 ಲೀಟರ್ ಡಿಕ್ಕಿ ಬೇರೆ. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ ಕೂತು ದೂರ ಹೋಗುವ ಸಂಸಾರಕ್ಕೆ, ಸಣ್ಣ ಕಾರುಗಳಲ್ಲಿ ನನಗೆ ಅತಿ ಹೆಚ್ಚು ಒಪ್ಪಿಗೆಯಾಗುವುದು ಇದು. ಇದರದ್ದೇ ಎಂಜಿನ್ ಇರುವ ಸ್ವಿಫ್ಟ್ ಸ್ವಲ್ಪ ಅಗ್ಗ, ಓಡಿಸಲು ಚುರುಕು. ಆದರೆ ಹಿಂದಿನ ಸೀಟು ಮತ್ತು ಡಿಕ್ಕಿ ಎರಡೂ ಇಕ್ಕಟ್ಟು.

ಯಾರಿಗೆ ಯಾವುದು

ಬೆಂಗಳೂರು ಟ್ರಾಫಿಕ್‌ನಲ್ಲೇ ದಿನ ಕಳೆಯುವವರಿಗೆ ಎಎಂಟಿ ತಗೊಳ್ಳಿ ಎನ್ನುತ್ತೇನೆ. ಎಡಗಾಲಿಗೆ ಸಿಗುವ ವಿಶ್ರಾಂತಿಗೆ ಬೆಲೆ ಕಟ್ಟಲಾಗುವುದಿಲ್ಲ. ಎಎಂಟಿ ಎಂದರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಮತ್ತು ಗೇರ್ ಕೆಲಸವನ್ನು ಯಂತ್ರ ಮಾಡುತ್ತದೆ ಅಷ್ಟೇ. ಅದಕ್ಕೇ ಮೈಲೇಜ್ ಕಡಿಮೆಯಾಗುವುದಿಲ್ಲ. ಸೆಲೆರಿಯೊ ಎಎಂಟಿಗೆ ಕಂಪನಿ ಹೇಳುವ ಅಂಕಿ 26 ದಾಟುತ್ತದೆ, ಮ್ಯಾನುಯಲ್‌ಗಿಂತ ಜಾಸ್ತಿ. ಗೇರ್ ಬದಲಾಗುವಾಗ ಒಂದು ಸಣ್ಣ ತಡವರಿಕೆ ಇರುತ್ತದೆ, ಅದಕ್ಕೆ ಒಗ್ಗಿಕೊಳ್ಳಬೇಕು. ಘಟ್ಟದ ಊರಿನವರು ಎಎಂಟಿ ತಗೊಳ್ಳುವುದಾದರೆ ಹಿಲ್ ಹೋಲ್ಡ್ ಇರುವ ಮಾದರಿಯನ್ನೇ ಕೇಳಿ. ಇಲ್ಲವಾದರೆ ಏರಿನಲ್ಲಿ ನಿಂತು ಹೊರಡುವಾಗ ಕಾರು ಹಿಂದಕ್ಕೆ ಜಾರುತ್ತದೆ.

ವಯಸ್ಸಾದವರಿರುವ ಮನೆಗೆ, ಓಡಾಟ ಬಹುಪಾಲು ಊರೊಳಗೇ ಇದ್ದರೆ, ವ್ಯಾಗನ್‌ಆರ್‌ಗೆ ಸಾಟಿ ಇಲ್ಲ. ಕುರ್ಚಿಯ ಮೇಲೆ ಕೂತಷ್ಟು ಸಲೀಸಾಗಿ ಕೂತು ಏಳಬಹುದು. ಡಿಕ್ಕಿ 341 ಲೀಟರ್, ಈ ಬೆಲೆಗೆ ಅದು ದೊಡ್ಡದೇ. ಇದರಲ್ಲಿ ಎರಡು ಎಂಜಿನ್ ಇವೆ. 1.0 ಲೀಟರ್‌ನ ಮೈಲೇಜ್ 24.35, 1.2 ಲೀಟರ್‌ನದು 23.56. ಒಂದು ಕಿಲೋಮೀಟರ್ ಕೂಡ ವ್ಯತ್ಯಾಸ ಇಲ್ಲ, ಆದರೆ ಶಕ್ತಿ 67ರಿಂದ 90 ಪಿಎಸ್‌ಗೆ ಏರುತ್ತದೆ. ಚಿಕ್ಕಮಗಳೂರು, ಮಡಿಕೇರಿ, ಸಕಲೇಶಪುರದ ಕಡೆಯವರು ಸುಮ್ನೆ 1.2 ತಗೊಳ್ಳಿ. ಏರಿನಲ್ಲಿ ಚಿಕ್ಕ ಎಂಜಿನ್‌ಗೆ ಆಕ್ಸಿಲರೇಟರ್ ಒತ್ತಿ ಒತ್ತಿ ಓಡಿಸಿದರೆ ಅದರ ಮೈಲೇಜ್ ಹೇಗೂ ಬಿದ್ದುಹೋಗುತ್ತದೆ.

ರಸ್ತೆ ಕೆಟ್ಟಿರುವ ಹಳ್ಳಿ ಕಡೆಗೆ, ತೋಟದ ದಾರಿಗೆ ಪಂಚ್ ನೋಡಿ. ನೆಲದಿಂದ 187 ಮಿಲಿಮೀಟರ್ ಎತ್ತರ, 2021ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್. ಮೈಲೇಜ್ ವಿಷಯದಲ್ಲಿ ಮಾರುತಿಗಳ ಹಿಂದೆಯೇ ಉಳಿಯುತ್ತದೆ. ಆದರೂ ಕೆಳಗೆ ತಾಗದೆ ಮನೆ ತಲುಪುವುದು ಮುಖ್ಯ ಅಲ್ವಾ?

ದಿನಾ 60 ಕಿಲೋಮೀಟರ್ ಹೋಗಿ ಬರುವವರು, ಉದಾಹರಣೆಗೆ ತುಮಕೂರಿನ ಹಳ್ಳಿಯಿಂದ ಪಟ್ಟಣಕ್ಕೆ ಬರುವ ಮೇಷ್ಟ್ರು, ಸ್ವಂತ ಮನೆಯಿದ್ದರೆ ಮೊದಲು ಟಿಯಾಗೊ ಇವಿ ಓಡಿಸಿ ನೋಡಲಿ. ಇವಿಗೆ ಅನುಕೂಲ ಇಲ್ಲದಿದ್ದರೆ ಟಿಯಾಗೊ ಸಿಎನ್‌ಜಿ. ಇವಿಯ ಬ್ಯಾಟರಿಗೆ ಕಂಪನಿ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತದೆ. ಹೀಗೆ ಓಡಿಸುವವರಿಗೆ ವರ್ಷಕ್ಕೆ 18 ಸಾವಿರ ಕಿಲೋಮೀಟರ್ ಆಗುತ್ತದೆ, ಎಂಟು ವರ್ಷಕ್ಕೆ 1.44 ಲಕ್ಷ. ವಾರಂಟಿ ಒಳಗೇ ಬರುತ್ತದೆ.

ಬಜೆಟ್ ಬಹಳ ಬಿಗಿ ಇದ್ದರೆ ಆಲ್ಟೊ ಕೆ10 ಇದೆ. ನಾಲ್ಕು ಜನರ ಚಿಕ್ಕ ಸಂಸಾರ, ಊರೊಳಗಿನ ಓಡಾಟ, ಬೈಕಿನಲ್ಲಿ ಮಳೆಗೆ ನೆನೆಯುವುದು ತಪ್ಪಬೇಕು ಎನ್ನುವವರಿಗೆ ಅದು ಸಾಕು. ಅದೇ ದುಡ್ಡಿಗೆ ಮೂರ್ನಾಲ್ಕು ವರ್ಷ ಹಳೆಯ ದೊಡ್ಡ ಕಾರೂ ಸಿಗುತ್ತದೆ. ಅದನ್ನು ನೋಡುವುದಾದರೆ ಸರ್ವಿಸ್ ದಾಖಲೆ ಪೂರ್ತಿ ಇರುವುದನ್ನೇ ನೋಡಿ. 2023ರ ಏಪ್ರಿಲ್‌ಗಿಂತ ಮೊದಲು ತಯಾರಾದ ಕಾರು ಆದರೆ ಅದು ಶೇ 20 ಎಥನಾಲ್‌ಗೆ ಹೊಂದುತ್ತದೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ತಿಳಿದುಕೊಳ್ಳಿ. ಸಣ್ಣ ಕಾರಿನಲ್ಲಿ ಡೀಸೆಲ್ ಹುಡುಕುವವರಿಗೆ ಹೊಸದರಲ್ಲಿ ಆಯ್ಕೆ ಇಲ್ಲ ಎನ್ನುವಷ್ಟು ಕಡಿಮೆ. 2020ರಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದಾಗಲೇ ಮಾರುತಿ ಡೀಸೆಲ್ ನಿಲ್ಲಿಸಿತು.

ಎರಡು ಕಾರಿಗೆ ಆಯ್ಕೆ ಇಳಿದ ಮೇಲೆ ಟೆಸ್ಟ್ ಡ್ರೈವ್‌ಗೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ಶೋರೂಂ ಹುಡುಗರು ತೋರಿಸುವ ನುಣುಪು ರಸ್ತೆ ಬಿಟ್ಟು, ನಿಮ್ಮ ಬೀದಿಗೇ ಕಾರು ತರಿಸಿ. ಎಸಿ ಹಾಕಿ, ಎಲ್ಲರನ್ನೂ ಕೂರಿಸಿ, ಹತ್ತಿರದ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ನಿಮ್ಮ ಪಾರ್ಕಿಂಗ್ ಜಾಗಕ್ಕೆ ಹಿಂದಕ್ಕೆ ತಂದು ನಿಲ್ಲಿಸಿ. ಸ್ಟೆಪ್ನಿ ಎಲ್ಲಿದೆ, ಡಿಕ್ಕಿಯಲ್ಲಿ ನಿಮ್ಮ ದೊಡ್ಡ ಬ್ಯಾಗ್ ಹಿಡಿಯುತ್ತದೆಯೇ ಎಂದು ಬ್ಯಾಗ್ ಇಟ್ಟೇ ನೋಡಿ. ಆಮೇಲೆ ಎರಡೂ ಕಾರಿನ ಆನ್‌ರೋಡ್ ಕೊಟೇಶನ್‌ನಲ್ಲಿ ಒಂದೊಂದು ಸಾಲನ್ನೂ ಓದಿ. ಬೇಡದ ಆಕ್ಸೆಸರಿ ಪ್ಯಾಕೇಜ್ ಸೇರಿಸಿದ್ದರೆ ತೆಗೆಸಿ. ವಿಮೆಯನ್ನು ಶೋರೂಂನಲ್ಲೇ ಮಾಡಿಸಬೇಕು ಎಂಬ ನಿಯಮ ಇಲ್ಲ, ಹೊರಗೆ ವಿಚಾರಿಸಿದರೆ ಅಲ್ಲೇ ಕೆಲವು ಸಾವಿರ ಉಳಿಯಬಹುದು.